ಎಸೆಗೋಲು ಮಾಡುವುದು, ಎಸೆಯುವುದು: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಎಸೆಗೋಲಿನ ಬಗ್ಗೆ ಒಂದು ಪುಟ ಬರೆದಿದ್ದೆ. ಓದದೇ ಇದ್ದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಒಂದೂವರೆ ಎರಡು ಅಡಿ ಉದ್ದದ ಕೋಲು, ಅದರ ಹಿಂತುದಿಯಲ್ಲಿ ಒಂದು ಕೊಕ್ಕೆ. ಬಾಣಕ್ಕಿಂತ ಉದ್ದ, ಭರ್ಜಿಗಿಂತ ತೆಳುವಾದ ಈಟಿಯ ಬಾಲವನ್ನು ಆ ಕೊಕ್ಕೆಗೆ ಸಿಕ್ಕಿಸಿ ಕೋಲು ಬೀಸಿದರೆ ಈಟಿ ಹಾರುತ್ತದೆ. ಮೆಕ್ಸಿಕೋದ ಅಜ್ಟೆಕ್ ಜನರ ಅಟ್ಲಾಟಲ್, ಆಸ್ಟ್ರೇಲಿಯಾದ ಮೂಲನಿವಾಸಿಗಳ ವೂಮೆರಾ ಎರಡೂ ಇದೇ. ಅಮೆರಿಕ ಖಂಡದಲ್ಲಿ ಬಿಲ್ಲು ಬರುವ ಮೊದಲು ಸಾವಿರಾರು ವರ್ಷ ಇದರಿಂದಲೇ ಬೇಟೆ ನಡೆಯುತ್ತಿತ್ತು. ಪತ್ರಗಳು ಜಾಸ್ತಿ ಬಂದಿವೆ, ಒಂದೇ ತರಹದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಬಡಗಿಯಲ್ಲ ಸರ್. ಮನೆಯಲ್ಲಿರುವುದು ಒಂದು ಕತ್ತಿ, ಒಂದು ಗರಗಸ. ಇಷ್ಟರಲ್ಲಿ ಎಸೆಗೋಲು ಮಾಡಬಹುದಾ? ಯಾವ ಮರ ಒಳ್ಳೆಯದು?
— ಓದುಗರು, ಸಾಗರ

ಉತ್ತರ: ಧಾರಾಳವಾಗಿ ಮಾಡಬಹುದು. ಮನೆ ಹತ್ತಿರ ಪೇರಲೆ ಮರ ಇದ್ದರೆ ಅದನ್ನೇ ನೋಡಿ. ರಬ್ಬರ್ ಬಿಲ್ಲಿಗೆ ಹುಡುಗರು ಪೇರಲೆಯ ಕವೆಯನ್ನೇ ಹುಡುಕುತ್ತಾರಲ್ಲ, ಅದೇ ಕಾರಣ: ಗಟ್ಟಿ, ಸುಲಭಕ್ಕೆ ಸೀಳುವುದಿಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ನೇರ ಕೊಂಬೆ ಬೇಕು. ಅದರಿಂದ ಓರೆಯಾಗಿ ಹೊರಟ ಒಂದು ಸಣ್ಣ ಕವಲೂ ಇರಬೇಕು. ಕವಲು ಹುಟ್ಟಿದ ಜಾಗದಿಂದ ಎರಡು ಬೆರಳು ಕೆಳಗೆ ಕೊಂಬೆಯನ್ನು ಕತ್ತರಿಸಿ. ಕವಲನ್ನು ಒಂದು ಸೆಂಟಿಮೀಟರ್ ಚಿಲ್ಲರೆ ಬಿಟ್ಟು ಉಳಿದದ್ದು ತೆಗೆಯಿರಿ. ಅದೇ ಕೊಕ್ಕೆ. ಕವಲು ಯಾವ ಕಡೆ ವಾಲಿದೆಯೋ ಆ ಕಡೆ ಹಿಡಿ ಬರಬೇಕು, ಇದನ್ನು ಉಲ್ಟಾ ಮಾಡಿದರೆ ಈಟಿ ನಿಲ್ಲುವುದೇ ಇಲ್ಲ. ಒಟ್ಟು ಉದ್ದ 50ರಿಂದ 60 ಸೆಂಟಿಮೀಟರ್ ಸಾಕು.

ತೊಗಟೆ ಸುಲಿದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಒಣಗಿದ ಮೇಲೆ ಕೊಕ್ಕೆಯ ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ದುಂಡಗೆ ಮಾಡಿ, ಚೂಪಾಗಿ ಬಿಡಬೇಡಿ. ಹಿಡಿಯ ಜಾಗಕ್ಕೆ ಬಟ್ಟೆಯನ್ನೋ ತೊಗಲನ್ನೋ ಸುತ್ತಿದರೆ ಬೆವರಿಗೆ ಜಾರುವುದಿಲ್ಲ.

ಹಲಗೆಯಿಂದ ಮಾಡಬೇಕು ಅನ್ನುವವರು ಆಚಾರರ ಹತ್ತಿರ ಮೂರು ಸೆಂಟಿಮೀಟರ್ ಅಗಲದ ತೇಗದ ತುಂಡು ಕೇಳಿ ತರಬಹುದು. ಕೊಕ್ಕೆಯನ್ನು ಗಟ್ಟಿ ಮರದಲ್ಲಿ ಬೇರೆ ಕೆತ್ತಿ, ದಾರ ಸುತ್ತಿ, ಅಂಟು ಹಾಕಿ ಕೂರಿಸಿ. ಅಮೆರಿಕದ ಅರಿಜೋನಾದ ವೈಟ್ ಡಾಗ್ ಗುಹೆಯಲ್ಲಿ ಸಿಕ್ಕ ಎಸೆಗೋಲಿನಲ್ಲಿ ಬೆರಳು ತೂರಿಸಲು ಎರಡು ತೊಗಲಿನ ಕುಣಿಕೆಗಳಿದ್ದವು. ಚಂದದ ಹಿಡಿ ಅದು, ಆದರೆ ಮೊದಲ ಕೋಲಿಗೆ ಬೇಡ. ಸಾದಾ ಕೋಲಿನಲ್ಲಿ ಕೈ ಪಳಗಲಿ, ಆಮೇಲೆ ನಿಮ್ಮ ಬೆರಳಿನ ಅಳತೆಗೆ ತಕ್ಕಂತೆ ಕಟ್ಟಿಕೊಳ್ಳಿ.

ಪ್ರಶ್ನೆ: ಕೋಲು ಚೆನ್ನಾಗಿಯೇ ಬಂದಿದೆ. ಈಟಿಯೇ ಸಮಸ್ಯೆ. ಕಬ್ಬಿಣದಂಗಡಿಯಲ್ಲಿ ಸಿಕ್ಕ ಅರ್ಧ ಇಂಚಿನ ಮರದ ಸರಳು ಹಾಕಿದೆ, ಅದು ಗಾಳಿಯಲ್ಲಿ ಅಡ್ಡ ತಿರುಗಿ ಬೀಳುತ್ತದೆ. ಗರಿ ಕಟ್ಟಿದರೂ ಅಷ್ಟೇ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಹೊಸಬರು ಕೋಲಿನ ಮೇಲೆ ವಾರಗಟ್ಟಲೆ ಕೂರುತ್ತಾರೆ, ಈಟಿಯನ್ನು ಒಂದು ಸಂಜೆಯಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಇದು ತಿರುಗುಮುರುಗು ಆಗಬೇಕು. ಕೋಲು ಸುಮಾರಾಗಿದ್ದರೂ ನಡೆಯುತ್ತದೆ. ಈಟಿ ಸುಮಾರಾಗಿದ್ದರೆ ಎಂಥ ಕೈಯೂ ಏನೂ ಮಾಡಲಾಗದು.

ನಿಮ್ಮ ಸರಳಿನ ತೊಂದರೆ ಏನೆಂದರೆ ಅದು ಬಾಗುವುದಿಲ್ಲ. ಎಸೆಗೋಲಿನ ಈಟಿ ಬಾಗಲೇಬೇಕು. ಕೈ ಕಮಾನಿನಂತೆ ಸುತ್ತಿ ಬರುತ್ತದೆ, ಆದ್ದರಿಂದ ಈಟಿಯ ಬಾಲವೂ ಕೊಕ್ಕೆಯ ಜೊತೆ ಮೇಲೆದ್ದು ಕೆಳಗಿಳಿಯುತ್ತದೆ. ಮೂತಿ ಮಾತ್ರ ಗುರಿಯ ಕಡೆಗೇ ಇರಬೇಕು. ಈ ಎರಡೂ ಒಟ್ಟಿಗೆ ಆಗಬೇಕಾದರೆ ನಡುವಿನ ಭಾಗ ಬಳುಕಲೇಬೇಕು, ಬೇರೆ ದಾರಿ ಇಲ್ಲ. ಬಳುಕದ ಸರಳಿನಲ್ಲಿ ಬಾಲ ಎತ್ತಿದ ಕೂಡಲೇ ಮೂತಿ ಕೆಳಗಾಗುತ್ತದೆ, ಈಟಿ ಪಲ್ಟಿ ಹೊಡೆಯುತ್ತದೆ. ಹಾಗಂತ ತೀರಾ ಮೆತ್ತಗಿದ್ದರೆ ಇನ್ನೊಂದು ಗೋಳು, ಕೋಲಿನ ಬಲವೆಲ್ಲ ಬಳುಕುವುದರಲ್ಲೇ ಹೋಗುತ್ತದೆ. ಮನೆಯಲ್ಲಿ ತೂಕ ನೋಡುವ ಯಂತ್ರ ಇದ್ದರೆ ಈಟಿಯ ಮೂತಿಯನ್ನು ಅದರ ಮೇಲೆ ಊರಿ, ಬಾಲವನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಮೂರರಿಂದ ಐದು ಕಿಲೋ ತೋರಿಸುವಾಗ ಸಲೀಸಾಗಿ ಬಿಲ್ಲಿನಂತೆ ಬಾಗಿದರೆ ಹೊಸಬರ ಕೈಗೆ ಸರಿ.

ಸಾಮಾನು ಬಿದಿರೇ ಒಳ್ಳೆಯದು. ಮೇದಾರರಲ್ಲಿ ಕೇಳಿ, ಕಿರುಬೆರಳ ದಪ್ಪದ ನೇರ ಬಿದಿರು ಕೊಡುತ್ತಾರೆ. ಕಾಡಿಗೆ ನುಗ್ಗಿ ಕಡಿಯಬೇಡಿ. ಮಲೆನಾಡಿನವರಿಗೆ ವಾಟೆ ಎಂಬ ಬಿದಿರು ಗೊತ್ತೇ ಇರುತ್ತದೆ. ಅದರ ಗೋಡೆ ತೆಳು, ಹಗುರ, ಆದ್ದರಿಂದ ಮುಂದೆ ತೂಕ ಸೇರಿಸಲೇಬೇಕು. ಉದ್ದ ಒಂದೂವರೆಯಿಂದ ಎರಡು ಮೀಟರ್, ತೂಕ 100ರಿಂದ 150 ಗ್ರಾಂ ಇಟ್ಟುಕೊಳ್ಳಿ. ದಪ್ಪ ಇರುವ ಬುಡದ ಕಡೆ ಮುಂದೆ ಬರಲಿ. ಡೊಂಕು ಇದ್ದರೆ ಕೆಂಡದ ಮೇಲೆ ಹಿಡಿದು, ಬಿಸಿಯಾದ ಮೇಲೆ ಮೆಲ್ಲಗೆ ನೆಟ್ಟಗೆ ಮಾಡಿ, ತಣ್ಣಗಾಗುವ ತನಕ ಹಾಗೇ ಹಿಡಿದುಕೊಳ್ಳಿ. ಒಂದೇ ಜಾಗಕ್ಕೆ ಬಿಸಿ ಕೊಡುತ್ತಾ ಕೂತರೆ ಸುಟ್ಟು ಮುರಿಯುತ್ತದೆ, ಉರುಳಿಸುತ್ತಲೇ ಇರಬೇಕು.

ಬಾಲದ ತುದಿಯನ್ನು ಗಿಣ್ಣಿನಿಂದ ಸುಮಾರು ಒಂದು ಸೆಂಟಿಮೀಟರ್ ಆಚೆಗೆ ಕತ್ತರಿಸಿ. ಆಗ ಒಂದು ಸಣ್ಣ ಗುಳಿ ಉಳಿಯುತ್ತದೆ. ಕೊಕ್ಕೆ ಅದರೊಳಗೆ ಕೂರುತ್ತದೆ, ಗಿಣ್ಣಿನ ಗೋಡೆ ತಡೆಯಾಗಿ ನಿಲ್ಲುತ್ತದೆ. ಆ ತುದಿಗೆ ದಾರವನ್ನು ಬಿಗಿಯಾಗಿ ಸುತ್ತಿ ಅಂಟು ಸವರಿ, ಇಲ್ಲವಾದರೆ ಎರಡು ದಿನದಲ್ಲಿ ಸೀಳುತ್ತದೆ. ಮುಂದಿನ ತುದಿಗೆ ಗಟ್ಟಿ ಮರದ ಒಂದು ಗೇಣು ಕಡ್ಡಿಯನ್ನು ತೂರಿಸಿ, ಅಲ್ಲೂ ದಾರ ಸುತ್ತಿ. ಅರಿಜೋನಾದ ಹಳೆಯ ಬೇಟೆಗಾರರೂ ಹೀಗೇ ಮಾಡುತ್ತಿದ್ದರು. ಅವರ ಮುಂಗಡ್ಡಿ ಬಿಚ್ಚಿ ತೆಗೆಯುವಂತಿತ್ತು, ಒಂದು ಮುರಿದರೆ ಇನ್ನೊಂದು ಸಿಕ್ಕಿಸಿದರಾಯಿತು. ಉದ್ದನೆಯ ಈಟಿ ಮಾಡುವ ಕಷ್ಟ ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕೊನೆಯದು ಗರಿ. ಎರಡಾದರೂ ಸರಿ, ಮೂರಾದರೂ ಸರಿ, ಒಂದು ಗೇಣಿನಷ್ಟು ಉದ್ದ ಇರಲಿ. ಕೋಳಿ, ಟರ್ಕಿ, ಬಾತುಕೋಳಿ ಯಾವುದಾದರೂ ಆಗುತ್ತದೆ. ಕಾಡುಹಕ್ಕಿಯ ಗರಿ ಬೇಡವೇ ಬೇಡ. ಎಲ್ಲ ಕಟ್ಟಿ ಮುಗಿದ ಮೇಲೆ ಈಟಿಯನ್ನು ಒಂದು ಬೆರಳ ಮೇಲೆ ತೂಗಿ ನೋಡಿ. ಸಮತೂಕದ ಬಿಂದು ನಡುವಿಗಿಂತ ಸ್ವಲ್ಪ ಮುಂದೆ, ಮೂತಿಯ ಕಡೆಗೆ ಇರಬೇಕು. ನಡುವಿನಲ್ಲೋ ಹಿಂದೆಯೋ ಇದ್ದರೆ ಮುಂಗಡ್ಡಿಯನ್ನು ಇನ್ನಷ್ಟು ಭಾರದ್ದು ಹಾಕಿ.

ಪ್ರಶ್ನೆ: ಬರೀ ಒಂದು ಕೋಲಿನಿಂದ ಅಷ್ಟು ವೇಗ ಹೇಗೆ ಬರುತ್ತದೆ? ಅದರಲ್ಲಿ ಸ್ಪ್ರಿಂಗ್ ಇಲ್ಲ, ರಬ್ಬರ್ ಇಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಕೋಲು ನಿಮ್ಮ ತೋಳನ್ನು ಉದ್ದ ಮಾಡುತ್ತದೆ, ಅಷ್ಟೇ. ಮಣಿಕಟ್ಟು ತಿರುಗುವಾಗ ಬೆರಳ ತುದಿ ಸಾಗುವ ದೂರ ಒಂದು ಗೇಣು. ಅಷ್ಟೇ ಹೊತ್ತಿನಲ್ಲಿ ಎರಡಡಿ ಕೋಲಿನ ತುದಿ ಅದರ ಹಲವು ಪಟ್ಟು ದೂರ ಸಾಗಬೇಕು. ಅಂದರೆ ಅಷ್ಟು ವೇಗವಾಗಿ ಓಡಲೇಬೇಕು. ಸಾಧಾರಣ ಕೈಯಲ್ಲೂ ಈಟಿ ಸೆಕೆಂಡಿಗೆ 20 ಮೀಟರ್ ಆಸುಪಾಸು ಹೊರಡುತ್ತದೆ.

ನಮ್ಮ ಕಡೆ ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿದ್ದ ಕವಣೆಯೂ ಇದೇ ಲೆಕ್ಕ. ಅಲ್ಲಿ ಕೋಲಿನ ಬದಲು ಹಗ್ಗ. ಈಗಿನ ಕಾಲದ ಉದಾಹರಣೆ ಬೇಕಾದರೆ ಭಾರತ ಕ್ರಿಕೆಟ್ ತಂಡದ ಅಭ್ಯಾಸ ನೋಡಿ. ಕುಮಟಾದ ರಾಘವೇಂದ್ರ ಉದ್ದನೆಯ ಸೌಟಿನಂಥ ಸೈಡ್‌ಆರ್ಮ್ ಕೋಲಿನಿಂದ ಚೆಂಡು ಎಸೆಯುತ್ತಾರಲ್ಲ, ಗಂಟೆಗೆ 150 ಕಿಲೋಮೀಟರ್ ದಾಟುವ ಆ ಎಸೆತಗಳನ್ನು ಆಡಿ ಆಡಿಯೇ ವೇಗದ ಬೌಲಿಂಗ್ ಎದುರು ಬ್ಯಾಟಿಂಗ್ ಸುಧಾರಿಸಿತು ಎಂದು ವಿರಾಟ್ ಕೊಹ್ಲಿಯೇ ಹೇಳಿದ್ದಾರೆ. ಆ ಕೋಲೂ ಎಸೆಗೋಲೂ ಒಂದೇ ವಂಶದವು. ನಿಮ್ಮ ಕಾಲೇಜಿನಲ್ಲಿ ಯಾರಾದರೂ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಎಸೆತ ಚಿತ್ರೀಕರಿಸಲಿ. ಈಟಿ ಹೇಗೆ ಬಳುಕುತ್ತದೆ ಎಂದು ಒಮ್ಮೆ ಕಣ್ಣಾರೆ ಕಂಡರೆ ಪುಸ್ತಕದ ಪಾಠಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ಪ್ರಶ್ನೆ: ಎಷ್ಟು ಬಲ ಹಾಕಿದರೂ ಈಟಿ ಕಾಲ ಹತ್ತಿರವೇ ಬೀಳುತ್ತದೆ. ಕೆಲವೊಮ್ಮೆ ಆಕಾಶಕ್ಕೆ ಹೋಗುತ್ತದೆ. ಅರ್ಧ ದಾರಿಯಲ್ಲಿ ಕೊಕ್ಕೆಯಿಂದ ಜಾರುವುದೂ ಉಂಟು.
— ಮೈಸೂರು ಮತ್ತು ಬಳ್ಳಾರಿಯ ಇಬ್ಬರು ಓದುಗರು

ಉತ್ತರ: ನಿಮ್ಮ ಪತ್ರದಲ್ಲೇ ಕಾರಣ ಇದೆ: "ಎಷ್ಟು ಬಲ ಹಾಕಿದರೂ." ಬಲ ಕಡಿಮೆ ಮಾಡಿ. ನಿಜವಾಗಿ ಹೇಳುತ್ತಿದ್ದೇನೆ, ಅರ್ಧಕ್ಕರ್ಧ ಕಡಿಮೆ ಮಾಡಿ ನೋಡಿ.

ಬಲಗೈಯವರಾದರೆ ಎಡಗಾಲು ಮುಂದೆ. ಕೋಲನ್ನು ಮೂರು ಬೆರಳಲ್ಲಿ ಹಿಡಿಯಿರಿ. ಹೆಬ್ಬೆರಳು, ತೋರುಬೆರಳು ಈಟಿಯನ್ನು ಸುಮ್ನೆ ಮುಟ್ಟಿಕೊಂಡಿರಲಿ, ಅದುಮಬಾರದು. ಕೈ ಕಿವಿಯ ಪಕ್ಕ, ಕೋಲು ಮತ್ತು ಈಟಿ ನೆಲಕ್ಕೆ ಸಮವಾಗಿ, ಮೂತಿ ಗುರಿಯ ಕಡೆ. ಮೈಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ತರುತ್ತಾ, ತುಂಬಿದ ಕೊಡ ಎತ್ತುವಷ್ಟು ನಿಧಾನವಾಗಿ ಶುರು ಮಾಡಿ, ಆಮೇಲೆ ವೇಗ ಏರಿಸುತ್ತಾ ಹೋಗಿ. ಮೊದಲು ಮೊಣಕೈ ಮುಂದೆ ಬರಬೇಕು, ಅದರ ಹಿಂದೆ ಕೈ. ಮಣಿಕಟ್ಟಿನ ಪೆಟ್ಟು ಎಲ್ಲಕ್ಕಿಂತ ಕೊನೆಗೆ. ಈಟಿಯನ್ನು "ಬಿಡುವ" ಕೆಲಸ ಬೇರೆ ಇಲ್ಲ. ಕೋಲು ಮೇಲೆದ್ದ ಕೂಡಲೇ ಬೆರಳು ತಾನೇ ಸಡಿಲವಾಗುತ್ತದೆ, ಈಟಿ ಹೋಗುತ್ತದೆ. ಎಸೆದ ಮೇಲೂ ಕೈ ನಿಲ್ಲಿಸಬೇಡಿ, ಗುರಿಯ ಕಡೆಗೇ ಹರಿದು ಕೆಳಗಿಳಿಯಲಿ.

ಈಗ ನಿಮ್ಮ ಮೂರು ತೊಂದರೆ. ಆಕಾಶಕ್ಕೆ ಹೋದರೆ ಮಣಿಕಟ್ಟು ಬೇಗ ತಿರುಗಿದೆ. ಕಾಲ ಹತ್ತಿರ ಬಿದ್ದರೆ ತಡವಾಗಿದೆ, ಇಲ್ಲವೇ ಬೆರಳು ಬಿಗಿಯಾಗಿ ಹಿಡಿದಿದೆ. ಕೊಕ್ಕೆಯಿಂದ ಜಾರಿದರೆ ಶುರುವಿನಲ್ಲೇ ಜಗ್ಗಿದ್ದೀರಿ, ಅಥವಾ ತೋಳನ್ನು ಹಿಂದಕ್ಕೆ ಎಳೆದು ಮುಂದೆ ಬರುವಾಗ ಬಾಲ ಕೊಕ್ಕೆಯನ್ನು ಬಿಟ್ಟಿದೆ. ಹಿಂದಕ್ಕೆ ಎಳೆಯುವುದನ್ನೇ ಕೆಲವು ದಿನ ಬಿಡಿ. ಕೈಯನ್ನು ಮೊದಲೇ ಹಿಂದಿಟ್ಟುಕೊಂಡು ನಿಂತು, ಅಲ್ಲಿಂದ ನೇರ ಎಸೆಯಿರಿ.

ದೂರದ ಆಸೆ ಈಗಲೇ ಬೇಡ. ಎಂಟು ಹತ್ತು ಮೀಟರಿನಲ್ಲಿ ಹುಲ್ಲು ತುಂಬಿದ ಗೋಣಿಚೀಲ ಇಟ್ಟು, ಈಟಿ ನೇರ ಹೋಗುವ ತನಕ ಅಲ್ಲಿಂದ ಕದಲಬೇಡಿ. ಒಂದೇ ಈಟಿಯಿಂದ ಕಲಿಯುವುದೂ ಕಷ್ಟ. ತೂಕ, ಉದ್ದ, ಬಳುಕು ಆದಷ್ಟು ಒಂದೇ ತರಹ ಇರುವ ನಾಲ್ಕೈದು ಈಟಿ ಮಾಡಿಕೊಳ್ಳಿ. ಇಲ್ಲವಾದರೆ ತಪ್ಪು ಕೈಯದೋ ಈಟಿಯದೋ ಗೊತ್ತಾಗುವುದಿಲ್ಲ, ಅಲ್ವಾ?

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ನಿಮ್ಮ ಬರಹ ಓದಿ ಹಟ ಹಿಡಿದಿದ್ದಾಳೆ. ಇದು ಗಂಡಸರ ಬಲದ ಆಟ ಎಂದು ಅವಳ ಅಜ್ಜ ಹೇಳುತ್ತಾರೆ.
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಜ್ಜನವರಿಗೆ ನನ್ನ ನಮಸ್ಕಾರ ಹೇಳಿ, ಜೊತೆಗೆ ಇದನ್ನೂ ಓದಿ ಹೇಳಿ. ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಪುರಾತತ್ವಜ್ಞೆ ಮಿಷೆಲ್ ಬೆಬರ್ ಮತ್ತು ಜೊತೆಗಾರರು 108 ಜನರಿಂದ ಬರಿಗೈಯಲ್ಲೂ ಎಸೆಗೋಲಿನಲ್ಲೂ ಈಟಿ ಎಸೆಸಿ ವೇಗ ಅಳೆದರು. ಒಟ್ಟು 2,160 ಎಸೆತ. ಬರಿಗೈಯಲ್ಲಿ ಗಂಡಸರ ಈಟಿ ವೇಗವಾಗಿ ಹೋಯಿತು. ಎಸೆಗೋಲು ಕೈಗೆ ಬಂದಾಗ ಗಂಡು ಹೆಣ್ಣಿನ ನಡುವಿನ ಆ ಅಂತರ ಅಳಿಸಿಹೋಯಿತು. 2023ರಲ್ಲಿ ಇದು ಪ್ರಕಟವಾಗಿದೆ. ಹಳೆಯ ಕಾಲದ ಬೇಟೆಯಲ್ಲಿ ಹೆಂಗಸರೂ ಸಮವಾಗಿ ಸೇರಲು ಈ ಕೋಲೇ ದಾರಿ ಮಾಡಿರಬಹುದು ಎಂಬುದು ಅವರ ವಾದ. ನನಗೆ ಅದು ಪೂರ್ತಿ ಒಪ್ಪಿಗೆ. ಈ ಕೆಲಸದಲ್ಲಿ ರಟ್ಟೆಗಿಂತ ಸಮಯಜ್ಞಾನಕ್ಕೆ ಬೆಲೆ ಜಾಸ್ತಿ.

ಮಗಳಿಗೆ 45 ಸೆಂಟಿಮೀಟರಿನ ಹಗುರ ಕೋಲು ಮಾಡಿಕೊಡಿ, ಈಟಿಯೂ ತೆಳು, ಹಗುರ ಇರಲಿ. ಮೂತಿಗೆ ರಬ್ಬರ್ ಬಿರಡೆ ಹಾಕಿ. ದೊಡ್ಡವರು ಒಬ್ಬರು ಪಕ್ಕದಲ್ಲಿ ಇದ್ದೇ ಇರಬೇಕು.

ಪ್ರಶ್ನೆ: ಇಲ್ಲಿನ ಮ್ಯೂಸಿಯಂನಲ್ಲಿ ವೂಮೆರಾ ನೋಡಿದೆ. ಎಲೆಯ ಹಾಗೆ ಅಗಲವಾಗಿದೆ. ಗಾಳಿಗೆ ಅಡ್ಡ ಆಗುವುದಿಲ್ಲವೇ? ಹಾಗೇಕೆ ಮಾಡಿದರು?
— ಕನ್ನಡಿಗರು, ಮೆಲ್ಬರ್ನ್

ಉತ್ತರ: ನೀವು ನೋಡಿದ್ದು ಒಳನಾಡಿನ ಮರುಭೂಮಿಯ ಕಡೆಯದು ಇರಬೇಕು. ಉತ್ತರದಲ್ಲಿ ಸಪೂರ ಕೋಲಿನಂಥವೂ ಇವೆ. ಮರುಭೂಮಿಯಲ್ಲಿ ದಿನವಿಡೀ ನಡೆಯುವವರು ಸಾಮಾನು ಕಡಿಮೆ ಮಾಡಿಕೊಳ್ಳಬೇಕು. ಅದಕ್ಕೇ ಒಂದೇ ವಸ್ತು ಹಲವು ಕೆಲಸಕ್ಕೆ. ಒಳಗೆ ಸ್ವಲ್ಪ ತಗ್ಗಾಗಿರುವ ಆ ಅಗಲ ಭಾಗ ತಟ್ಟೆಯಾಗುತ್ತದೆ, ಕೆಮ್ಮಣ್ಣಿನ ಬಣ್ಣ ಕಲೆಸಲೂ ಆಗುತ್ತದೆ. ಹಿಡಿಯ ತುದಿಯಲ್ಲಿ ಗಿಡದ ಅಂಟಿನಿಂದ ಕೂರಿಸಿದ ಕಲ್ಲಿನ ಚಕ್ಕೆ ಉಳಿ. ಅಂಚನ್ನು ಒಣ ಮರದ ಮೇಲೆ ಗರಗಸದಂತೆ ಉಜ್ಜಿ ಬೆಂಕಿ ಮಾಡುತ್ತಾರೆ. ಬೀಸುವಾಗ ಗಾಳಿಯ ತಡೆ ಸ್ವಲ್ಪ ಇದ್ದೇ ಇರುತ್ತದೆ, ಆದರೆ ಇಷ್ಟು ಕೆಲಸಕ್ಕೆ ಬರುವ ವಸ್ತುವಿನಲ್ಲಿ ಅದನ್ನು ಸಹಿಸಿಕೊಳ್ಳಬಹುದು. ಮನೆಗೆ ಒಂದು ಬೇಕೆನಿಸಿದರೆ ಮೂಲನಿವಾಸಿಗಳೇ ನಡೆಸುವ ಕಲಾಕೇಂದ್ರದಿಂದ ಕೊಳ್ಳಿ. ಅವರ ಕೆತ್ತನೆಯನ್ನು ನಕಲು ಮಾಡಬೇಡಿ, ಆ ಗೆರೆಗಳು ಬರೀ ಅಲಂಕಾರ ಅಲ್ಲ.

ಪ್ರಶ್ನೆ: ಇದರಿಂದ ಎಷ್ಟು ದೂರ ಎಸೆಯಬಹುದು? ನೀರಜ್ ಚೋಪ್ರಾಗಿಂತ ದೂರವಾ?
— ಓದುಗರು, ದಾವಣಗೆರೆ

ಉತ್ತರ: ನೀರಜ್ 2025ರ ಮೇನಲ್ಲಿ ದೋಹಾದಲ್ಲಿ 90.23 ಮೀಟರ್ ಎಸೆದರು. ಜಾವೆಲಿನ್ ವಿಶ್ವದಾಖಲೆ ಯಾನ್ ಜೆಲೆಜ್ನಿ ಅವರ 98.48 ಮೀಟರ್, 1996ರದ್ದು. ಎಸೆಗೋಲಿನಲ್ಲಿ ಡೇವ್ ಎಂಗ್ವಾಲ್ 1995ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ 258.63 ಮೀಟರ್ ಎಸೆದಿದ್ದಾರೆ. ಆದರೆ ಜಾವೆಲಿನ್ ತೂಕ 800 ಗ್ರಾಂ, ಇದು ಅದರ ಸಣ್ಣದೊಂದು ಪಾಲು. ಎಂಗ್ವಾಲ್ ಬಳಸಿದ್ದು ಇಂದಿನ ಕಾಲದ ಸಾಮಗ್ರಿ, ಬಿದಿರಲ್ಲ. ಇವೆರಡನ್ನೂ ತಕ್ಕಡಿಯಲ್ಲಿ ಇಡುವುದು ನೀರಜ್‌ಗೂ ನ್ಯಾಯ ಅಲ್ಲ.

ಪ್ರಶ್ನೆ: ತೋಟಕ್ಕೆ ಕಾಡುಹಂದಿ ಕಾಟ. ಇದನ್ನು ಬಳಸಬಹುದಾ?
— ಓದುಗರು, ಮೂಡಿಗೆರೆ

ಉತ್ತರ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಬೆಳೆ ಹಾಳಾಗಿದ್ದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳಿ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಎಸೆಗೋಲಿನಿಂದ ಜಿಂಕೆ ಬೇಟೆಗೆ ಅನುಮತಿ ಇದೆ, ನಿಜ. ಅದು ಅಲ್ಲಿನ ಕಾನೂನು. ಇನ್ನೊಂದು ಮಾತು: ಕಲಿಯುವ ಕೈಯಿಂದ ಹೋದ ಈಟಿ ಪ್ರಾಣಿಯನ್ನು ಕೊಲ್ಲುವುದಿಲ್ಲ, ಗಾಯ ಮಾಡಿ ನರಳಿಸುತ್ತದೆ. ಇಲ್ಲಿ ನಮಗೆ ಗೋಣಿಚೀಲವೇ ಗುರಿ.

ಪ್ರಶ್ನೆ: ಮರ ಕೊಳೆತು ಹೋಗುತ್ತದೆ. ಹಾಗಿದ್ದಾಗ ಇದು ಇಷ್ಟು ಹಳೆಯದು ಎಂದು ಹೇಗೆ ಹೇಳುತ್ತಾರೆ?
— ಇತಿಹಾಸ ಶಿಕ್ಷಕರು, ವಿಜಯಪುರ

ಉತ್ತರ: ಕೋಲು ಕೊಳೆತರೂ ಕೊಕ್ಕೆ ಉಳಿಯುತ್ತದೆ, ಅದು ಕೊಂಬಿನದ್ದಾಗಿದ್ದರೆ. ಫ್ರಾನ್ಸಿನ ಕೋಂಬ್ ಸೋನಿಯೆರ್ ಎಂಬಲ್ಲಿ ಹಿಮಸಾರಂಗದ ಕೊಂಬಿನ ಕೊಕ್ಕೆ ಸಿಕ್ಕಿದೆ, ಸುಮಾರು 17,500 ವರ್ಷ ಹಳೆಯದು. ಫ್ರಾನ್ಸಿನದೇ ಆದ ಮಾಸ್ ದಜೀಲ್ ಗುಹೆಯ ಎಸೆಗೋಲಿನಲ್ಲಿ ಒಂದು ಎಳೆಯ ಪ್ರಾಣಿ ಕತ್ತು ತಿರುಗಿಸಿ ತನ್ನ ಬಾಲದ ಕಡೆ ನೋಡುತ್ತಿದೆ. ಅಲ್ಲಿ ಕೂತ ಹಕ್ಕಿಯೇ ಕೊಕ್ಕೆ! ಬೇಟೆಯ ಸಾಮಾನಿಗೆ ಇಷ್ಟು ಪ್ರೀತಿ ಸುರಿದವರನ್ನು ಕಾಡುಜನ ಎಂದು ಪಕ್ಕಕ್ಕೆ ಸರಿಸಲು ನನಗೆ ಮನಸ್ಸು ಬರುವುದಿಲ್ಲ. ಅಮೆರಿಕದ ಕೆಂಟಕಿಯ ಇಂಡಿಯನ್ ನಾಲ್ ಎಂಬಲ್ಲಿ ಸಮಾಧಿಗಳಲ್ಲಿ ತೂತು ಕೊರೆದ ಕಲ್ಲು, ಕೊಂಬಿನ ಕೊಕ್ಕೆ ಒಂದೇ ಸಾಲಿನಲ್ಲಿ ಸಿಕ್ಕವು. ನಡುವೆ ಇದ್ದ ಕೋಲು ಮಣ್ಣಾಗಿತ್ತು.

ಇನ್ನು ಕೆನಡಾದ ಯೂಕಾನ್. ಬೇಸಿಗೆಯಲ್ಲಿ ಸೊಳ್ಳೆ ನೊಣಗಳ ಕಾಟ ತಪ್ಪಿಸಿಕೊಳ್ಳಲು ಅಲ್ಲಿನ ಕ್ಯಾರಿಬೂ ಸಾರಂಗಗಳು ಬೆಟ್ಟದ ಮಂಜಿನ ಮೇಲೆ ಹೋಗಿ ನಿಲ್ಲುತ್ತಿದ್ದವು, ಬೇಟೆಗಾರರು ಅಲ್ಲಿಗೇ ಹೋಗುತ್ತಿದ್ದರು, ಗುರಿ ತಪ್ಪಿದ ಈಟಿಗಳು ಮಂಜಿನಲ್ಲಿ ಹೂತು ಹೋದವು. 1997ರಿಂದ ಆ ಮಂಜು ಕರಗಿ ಒಂದೊಂದೇ ಈಚೆ ಬರುತ್ತಿವೆ. ಸಾವಿರಾರು ವರ್ಷ ಹಳೆಯ ಮರ, ಸುತ್ತಿದ ನರ, ಗರಿಯ ಚೂರು ಕೂಡ. ಸುಮಾರು 1,200 ವರ್ಷದ ಹಿಂದೆ ಅಲ್ಲಿ ಈಟಿ ನಿಂತು ಬಾಣ ಶುರುವಾಗುತ್ತದೆ. ಎಲ್ಲೆಡೆ ಹಾಗಾಗಲಿಲ್ಲ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ದೋಣಿಯಲ್ಲಿ ಕೂತು ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಎಸೆಗೋಲು ಹಿಡಿಯುತ್ತಿದ್ದರು, ಬಿಲ್ಲಿಗಾದರೆ ಎರಡೂ ಕೈ ಬೇಕು. ಮೆಕ್ಸಿಕೋದ ಪಾಟ್ಸ್‌ಕ್ವಾರೊ ಕೆರೆಯಲ್ಲಿ 20ನೇ ಶತಮಾನದಲ್ಲೂ ಬಾತುಕೋಳಿ ಬೇಟೆಗೆ ಇದನ್ನು ಬಳಸುತ್ತಿದ್ದರು.

ಪ್ರಶ್ನೆ: ಶಾಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಕಲಿಸುವ ಆಸೆ. ಮೈದಾನ ಇದೆ. ಸ್ಪರ್ಧೆಯ ನಿಯಮ ಏನಾದರೂ ಇದೆಯೇ? ಅಪಾಯ ಎಷ್ಟು?
— ದೈಹಿಕ ಶಿಕ್ಷಕರು, ಗದಗ

ಉತ್ತರ: ಇದೆ. ವಿಶ್ವ ಅಟ್ಲಾಟಲ್ ಸಂಘ ಎಂದು 1987ರಲ್ಲಿ ಶುರುವಾದ ಸಂಸ್ಥೆ ಇದೆ. ಅವರ ಗುರಿ ಸ್ಪರ್ಧೆಯಲ್ಲಿ ಒಬ್ಬರಿಗೆ ಹತ್ತು ಎಸೆತ: ಐದು 15 ಮೀಟರಿನಿಂದ, ಐದು 20 ಮೀಟರಿನಿಂದ. ಮಕ್ಕಳಿಗೆ ನೀವು ಅದರ ಅರ್ಧ ದೂರ ಇಡಿ.

ಅಪಾಯದ ವಿಷಯ ನೇರ ಹೇಳಿಬಿಡುತ್ತೇನೆ. ಇದು ಆಟಿಕೆ ಅಲ್ಲ. ಎಸೆಯುವವರ ಗೆರೆಯಿಂದ ಮುಂದೆ ಯಾರೂ ಇರಬಾರದು, ಪಕ್ಕದವರ ನಡುವೆ ಎರಡು ತೋಳಿಗಿಂತ ಜಾಸ್ತಿ ಜಾಗ ಇರಬೇಕು, ಹಿಂದೆ ನಿಂತವರೂ ದೂರ ಇರಬೇಕು, ಏಕೆಂದರೆ ಉದ್ದನೆಯ ಈಟಿಯ ಬಾಲ ಹಿಂದಕ್ಕೆ ಚಾಚಿರುತ್ತದೆ. ಸೀಟಿ ಊದಿದಾಗ ಎಲ್ಲರೂ ಎಸೆಯಬೇಕು, ಇನ್ನೊಂದು ಸೀಟಿಗೆ ಎಲ್ಲರೂ ಒಟ್ಟಿಗೆ ಹೋಗಿ ತರಬೇಕು. ತರುವಾಗ ಓಡಬಾರದು. ಚೀಲಕ್ಕೆ ನಾಟಿದ ಈಟಿಯ ಬಾಲ ಸರಿಯಾಗಿ ಮಕ್ಕಳ ಮುಖದ ಎತ್ತರಕ್ಕೆ ನಿಂತಿರುತ್ತದೆ, ಎದುರಿನಿಂದ ನೋಡಿದರೆ ಅದು ಒಂದು ಚುಕ್ಕಿಯಷ್ಟೇ ಕಾಣುತ್ತದೆ. ಪಕ್ಕದಿಂದ ನಡೆದು ಹೋಗುವ ರೂಢಿಯನ್ನು ಮೊದಲ ದಿನವೇ ಮಾಡಿಸಿ. ಕಬ್ಬಿಣದ ಮೊನೆ ಶಾಲೆಗೆ ಬೇಡ. ಪ್ರತಿ ಸಲ ಎಸೆಯುವ ಮೊದಲು ಬಿದಿರನ್ನು ಸ್ವಲ್ಪ ಬಾಗಿಸಿ ಕಿವಿ ಹತ್ತಿರ ಹಿಡಿಯಲು ಹೇಳಿಕೊಡಿ. ಚಿಟ್ ಎಂದು ಸದ್ದು ಬಂದರೆ ಒಳಗೆ ಸೀಳಿದೆ ಎಂದರ್ಥ. ಆ ಈಟಿಯನ್ನು ಅಲ್ಲೇ ಮುರಿದು ಹಾಕಿ. ಯಾರೋ ಮರೆತು ಮತ್ತೆ ಎತ್ತಿಕೊಳ್ಳಬಾರದು.